ಕಾವೇರಮ್ಮನ ಹೆಸರಿನ ಬೀಗ

ಗಂಡಿನ ಕಡೆಯವರು ಚಾಪೆಯ ಮೇಲೆ ಕುಳಿತು ಇನ್ನೂ ಕಾಲು ಮಡಿಸಿಕೊಳ್ಳುತ್ತಿದ್ದರು. ನೀರಿನ ಚೊಂಬು ಇಡಲು ಬಗ್ಗಿದ ಕಾವೇರಮ್ಮನ ತಾಳಿಸರದಿಂದ ಏನೋ ಜಾರಿ ಚೊಂಬಿಗೆ ತಗುಲಿ ಟಣ್ ಎಂದಿತು. ಹಿಡಿದು ನೋಡಿದಳು. ಪಿನ್ನಿಗೆ ಸಿಕ್ಕಿಸಿಕೊಂಡಿದ್ದ ಬೀಗದ ಕೈ. ಬೀಗ ಮಾತ್ರ ಮೂವತ್ತು ಕಿಲೋಮೀಟರ್ ಆಚೆ, ಬಿಡದಿಯ ಮಾವಿನ ರಸದ ಫ್ಯಾಕ್ಟರಿಯಲ್ಲಿ, ಮೂರನೇ ನಂಬರ್ ಟ್ಯಾಂಕಿನ ಸ್ವಿಚ್ಚಿನಲ್ಲೇ ನೇತಾಡುತ್ತಿತ್ತು.

"ಅಯ್ಯೋ ಶಿವನೇ," ಎಂದಳು.

ಗಂಡಿನ ಅಪ್ಪ ಕೆಂಪರಾಜು, ನೀರು ಬಿಸಿಯಿರಬೇಕೆಂದುಕೊಂಡು ಚೊಂಬನ್ನು ಮುಟ್ಟಿ ನೋಡಿದರು.

ಬೆಳಗ್ಗೆ ಆರಕ್ಕೇ ಹೋಗಿ, ಟ್ಯಾಂಕು ತೊಳೆದು, ಹತ್ತಕ್ಕೆ ಬಿಟ್ಟು ಬರುವುದೆಂದು ಅವಳು ಸೂಪರ್‌ವೈಸರ್ ಅನಂತರಾಜು ಹತ್ತಿರ ಒಂದು ವಾರ ಮೊದಲೇ ಹೇಳಿಟ್ಟಿದ್ದಳು. ಮಗಳು ಸಿರಿಯನ್ನು ನೋಡಲು ಕಲ್ಯದಿಂದ ಬರುತ್ತಾರೆ, ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ. ಹೇಳಿದಂತೆ ಹತ್ತಕ್ಕೆ ಬಿಟ್ಟಿದ್ದಳು. ಬಸ್ಸಿಗೆ ಓಡುವ ಗಡಿಬಿಡಿಯಲ್ಲಿ ಬೀಗ ಬಿಚ್ಚುವುದು ಮರೆತಿತ್ತು. ಕೆಲಸಕ್ಕೆ ಸೇರಿ ಎರಡು ವರ್ಷದಲ್ಲಿ ಇದೇ ಮೊದಲು.

ಅಡುಗೆಮನೆಗೆ ಹೋಗಿ ಅಕ್ಕಿ ಡಬ್ಬದ ಮೇಲಿದ್ದ ಫೋನು ನೋಡಿದಳು. ಅನಂತರಾಜು ಹತ್ತೊಂಬತ್ತು ಸಲ ಮಾಡಿದ್ದರು.

ಆ ಟ್ಯಾಂಕಿನ ಒಳಗೆ ರಸ ಕಲಕುವ ರೆಕ್ಕೆಗಳಿವೆ, ಒಂದೊಂದು ಆಳುದ್ದ. ತೊಳೆಯಬೇಕಾದರೆ ಹೆಂಗಸರು ಪಕ್ಕದ ಕಿಂಡಿಯಿಂದ ಬ್ರಷ್ಷು ಹಿಡಿದು ಒಳಗೆ ನುಸುಳಬೇಕು. ನುಸುಳುವ ಮೊದಲು ಸ್ವಿಚ್ ಆಫ್ ಮಾಡಿ ಅದರ ಮೇಲೆ ಪ್ರತಿಯೊಬ್ಬಳೂ ತನ್ನ ತನ್ನ ಬೀಗ ಹಾಕಿ, ಬೀಗದ ಕೈಯನ್ನು ತನ್ನ ಮೈಮೇಲೇ ಇಟ್ಟುಕೊಳ್ಳಬೇಕು. ಕೊನೆಯ ಬೀಗ ಬಿಚ್ಚುವವರೆಗೂ ಸ್ವಿಚ್ ಅಲ್ಲಾಡುವುದಿಲ್ಲ. ಬೀಗ ಹಾಕಿದವಳೇ ಬಂದು, ಟ್ಯಾಂಕಿನೊಳಗೆ ಬಗ್ಗಿ ನೋಡಿ, ಮೂರು ಸಲ ಕೂಗಿ, ಆಮೇಲೆ ಬಿಚ್ಚಬೇಕು. ಇದನ್ನೆಲ್ಲ ಹೇಳಿಕೊಡಲು ಬಂದಿದ್ದ ಸೇಫ್ಟಿ ಮೇಡಮ್ಮು ಕೊನೆಯಲ್ಲಿ, "ಬೀಗದ ಕೈಯನ್ನ ಗಂಡ ಕೇಳಿದರೂ ಕೊಡಬೇಡಿ," ಎಂದಿದ್ದರು. ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದರು.

ಕಾವೇರಮ್ಮ ನಕ್ಕಿರಲಿಲ್ಲ. ಅವಳು ಲೆಕ್ಕ ಹಾಕುತ್ತಿದ್ದಳು. ಬೀರುವಿನ ಬೀಗದ ಕೈ ಅತ್ತೆಯ ಸೊಂಟದಲ್ಲಿತ್ತು. ಅತ್ತೆ ತೀರಿಕೊಂಡ ಹನ್ನೊಂದನೇ ದಿನ ಅದು ಗಂಡ ಕೃಷ್ಣಪ್ಪನ ಉಡಿದಾರಕ್ಕೆ ಬಂತು. ಜಮೀನು ಅವನ ಹೆಸರಿನಲ್ಲಿ, ಗ್ಯಾಸು ಅವನ ಹೆಸರಿನಲ್ಲಿ. ಹಸು ಅವಳದೇ, ಆದರೆ ಡೈರಿಯ ಪುಸ್ತಕದಲ್ಲಿ ಅದೂ ಅವನದೇ. ಅಂಗೈಯಗಲದ ಕೆಂಪು ಬೀಗಕ್ಕೆ ಅವಳ ಫೋಟೋ ಇದ್ದ ಚೀಟಿ ಕಟ್ಟಿ, ಅದರ ಮೇಲೆ 'ಕಾವೇರಮ್ಮ. ನಾನು ಒಳಗಿದ್ದೇನೆ. ತೆಗೆಯಬೇಡಿ' ಎಂದು ಬರೆದು ಕೊಟ್ಟಾಗ ಅವಳು ಅದನ್ನು ಎರಡು ಕೈಯಲ್ಲಿ ಇಸಿದುಕೊಂಡಿದ್ದಳು. ಟ್ಯಾಂಕಿನ ಒಳಗೆ ಕಳೆಯುವ ಆ ಮುಕ್ಕಾಲು ಗಂಟೆ ಅವಳಿಗೆ ಇಷ್ಟ. ತಣ್ಣಗಿರುತ್ತದೆ. ಯಾರೂ ಕರೆಯುವುದಿಲ್ಲ. ಹೊರಗಿನವರು ಕಾಯುತ್ತಾರೆ.

ಫೋನು ಇನ್ನೂ ಕೈಯಲ್ಲಿರುವಾಗಲೇ ಬಾಗಿಲಲ್ಲಿ ಕಾರು ನಿಂತಿತು. ಫ್ಯಾಕ್ಟರಿಯ ಡ್ರೈವರ್ ನಿಯಾಜ್ ಚಪ್ಪಲಿ ಬಿಡದೆ ಹೊಸ್ತಿಲಲ್ಲೇ ನಿಂತ.

"ಅಕ್ಕಾ, ನಿಮ್ಮ ಮನೆ ಹುಡುಕೋಕೆ ದೊಡ್ಡಮಳೂರೆಲ್ಲ ಸುತ್ತಿದೆ. ಬೀಗದ ಕೈ ಕೊಟ್ಬಿಡಿ, ಹೋಗ್ತೀನಿ. ನಾಲ್ಕು ಲಾರಿ ತೋತಾಪುರಿ ಬಿಸಿಲಲ್ಲಿ ನಿಂತದೆ, ಸಾರ್ ಕುಣೀತಾವ್ರೆ."

"ಬೀಗ ಒಡೀಬೋದಿತ್ತಲ್ಲಪ್ಪ."

"ಒಡೆಯೋಕೆ ಮ್ಯಾನೇಜರ್ ಸೈನ್ ಬೇಕಂತೆ. ಅವ್ರು ಮೈಸೂರಲ್ಲಿ ಮದುವೇಲವ್ರೆ, ಫೋನ್ ಎತ್ತಲ್ಲ."

ಕೃಷ್ಣಪ್ಪ ನಡುಮನೆಯಿಂದಲೇ ಹೇಳಿದ: "ಕೊಟ್ ಕಳ್ಸು ಅತ್ಲಾಗೆ."

"ಕೊಡಂಗಿಲ್ಲ," ಎಂದಳು ಕಾವೇರಮ್ಮ.

"ಯಾಕೆ?"

"ಕೊಡಂಗಿಲ್ಲ ಅಂತ ಹೇಳವ್ರೆ."

"ಯಾರು ಹೇಳಿರೋದು?"

"ಫ್ಯಾಕ್ಟ್ರಿಯೋರು."

"ಈಗ ಕೇಳ್ತಿರೋದು ಯಾರು?"

"ಅವ್ರೇ."

ಕೃಷ್ಣಪ್ಪ ಗಂಡಿನ ಕಡೆಯವರತ್ತ ತಿರುಗಿ ನಗಲು ನೋಡಿದ. ಯಾರೂ ಜೊತೆ ಕೊಡಲಿಲ್ಲ. ಕೆಂಪರಾಜು ಗಂಟಲು ಸರಿಮಾಡಿಕೊಂಡು, "ಏನಮ್ಮ, ಬೀಗ ತಗ್ಯಕ್ಕೆ ನೀನೇ ಆಗ್ಬೇಕಾ? ನಮ್ಮೂರಲ್ಲಿ ಬೀಗದ ಕೈ ಯಾರ ಹತ್ರ ಐತೋ ಅವ್ರು ತಗೀತಾರೆ," ಎಂದರು.

"ನಿಮ್ಮೂರ ಬೀಗ ಹಂಗಿರ್ಬೋದು," ಎಂದಳು ಕಾವೇರಮ್ಮ. ಒರಟಾಗಿ ಹೇಳಬೇಕೆಂದಿರಲಿಲ್ಲ, ಹಾಗೆ ಬಂತು. ಕೆಂಪರಾಜು ಪಕ್ಕದಲ್ಲಿ ಕುಳಿತಿದ್ದ ಅವರ ಹೆಂಡತಿ ದೊಡ್ಡಲಕ್ಷ್ಮಮ್ಮ, ಬಂದಾಗಿನಿಂದ ಒಂದು ಮಾತೂ ಆಡದಿದ್ದವರು, ತಲೆಯೆತ್ತಿ ನೋಡಿದರು.

ನಿಯಾಜ್ ಫೋನು ಹಚ್ಚಿ ಕೊಟ್ಟ. ಅನಂತರಾಜು ದನಿ ಹೊರಗಿನವರಿಗೂ ಕೇಳುತ್ತಿತ್ತು. "ಕಾವೇರಮ್ಮ, ಒಳಗೆ ಯಾರೂ ಇಲ್ಲ. ನಾನೇ ಕಣ್ಣಾರೆ ನೋಡಿದೀನಿ."

"ಬಗ್ಗಿ ನೋಡುದ್ರಾ ಸಾರ್?"

"ಬಗ್ಗೋದೇನು, ಹಂಗೇ ಕಾಣ್ತದೆ."

ಅನಂತರಾಜು ಹೊಟ್ಟೆ ಎಂಥದೆಂದು ಫ್ಯಾಕ್ಟರಿಗೇ ಗೊತ್ತು. ಶೂ ಲೇಸು ಕಟ್ಟಲೂ ಅವರು ಕುರ್ಚಿ ಹುಡುಕುತ್ತಾರೆ. ಆ ಕಿಂಡಿ ಮೊಣಕಾಲಿನ ಎತ್ತರದಲ್ಲಿದೆ.

"ನಾನೇ ಬತ್ತೀನಿ ಸಾರ್," ಎಂದು ಕಾವೇರಮ್ಮ ಫೋನು ವಾಪಸು ಕೊಟ್ಟಳು.

ಕೃಷ್ಣಪ್ಪ ಅವಳನ್ನು ಹಿತ್ತಲ ಬಾಗಿಲಿಗೆ ಕರೆದೊಯ್ದು, ಪಿಸುಮಾತಿನಲ್ಲೇ ಕೂಗಿದ. "ಆಗ್ಲೇ ಎರಡು ಸಂಬಂಧ ತಪ್ಪೋದ್ವು. ಈಗ ನೀನು ಕಾರು ಹತ್ತುದ್ರೆ ಇದೂ ಹೋದಂಗೆ ಕಣೆ. ಮಗಳು ಮುಖ್ಯವಾ, ಕಬ್ಬಿಣದ ಬೀಗ ಮುಖ್ಯವಾ?"

ಒಲೆಯ ಪಕ್ಕದಲ್ಲಿ ಸಿರಿ ಹೊಸ ಸೀರೆಯ ನೆರಿಗೆ ಹಿಡಿದುಕೊಂಡು ನಿಂತಿದ್ದಳು. ಅವಳು ನೋಡುತ್ತಿದ್ದದ್ದು ಅವ್ವನ ಮುಖವನ್ನಲ್ಲ, ತಾಳಿಸರದ ಪಿನ್ನನ್ನು.

"ಹೋಗ್ಬಾ ಅವ್ವ," ಎಂದಳು ಸಿರಿ. "ನೀನು ಬರೋವರ್ಗೂ ಕಾಫಿಗೆ ಹಾಲಿಡಲ್ಲ."

ಕಾರಿನಲ್ಲಿ ಹಿಂದಿನ ಸೀಟು ಪೂರ್ತಿ ಅವಳದೇ. ತನಗೆಂದು ಯಾರೂ ಈವರೆಗೆ ಕಾರು ಕಳಿಸಿರಲಿಲ್ಲ ಎಂಬುದು ರಾಮನಗರ ದಾಟುವಾಗ ಹೊಳೆಯಿತು. ಅದರ ಹಿಂದೆಯೇ ಮತ್ತೊಂದು ಹೊಳೆದು ಆ ಸುಖವನ್ನೂ ಕೆಡಿಸಿತು. ಟ್ಯಾಂಕಿನಿಂದ ಕೊನೆಗೆ ಹೊರಬಂದವಳು ತಾನೇ. ಒಳಗೆ ಯಾರೂ ಇಲ್ಲವೆಂದು ತನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಮತ್ತೆ ಯಾಕೆ ಕೊಡಲಿಲ್ಲ? ನಿಯಮ ಎನ್ನಬಹುದು. ಆದರೆ ಅವಳಿಗೆ ಅವಳೇ ಸುಳ್ಳು ಹೇಳಿಕೊಳ್ಳುವ ಅಭ್ಯಾಸವಿರಲಿಲ್ಲ. ಕೊಡಲು ಮನಸ್ಸು ಬರಲಿಲ್ಲ, ಅಷ್ಟೇ. ಕೇಳಿದ್ದನ್ನೆಲ್ಲ ಇಪ್ಪತ್ತಾರು ವರ್ಷ ಕೊಟ್ಟವಳಿಗೆ ಇದೊಂದನ್ನು ಕೊಡಲು ಆಗಲಿಲ್ಲ. ಅದಕ್ಕೆ ಮಗಳ ಮದುವೆ ಮುರಿದರೆ ಏನು ಹೇಳುವುದು? ಬಿಡದಿಯವರೆಗೂ ಯೋಚಿಸಿದಳು.

ಅನಂತರಾಜು ಟ್ಯಾಂಕಿನ ಮುಂದೆಯೇ ನಿಂತಿದ್ದರು. ಕಿಂಡಿಯ ಮುಚ್ಚಳ ಮುಚ್ಚಿ ಆಗಲೇ ಒಂದು ಬೋಲ್ಟು ಬಿಗಿಸಿದ್ದರು. ರೇಷ್ಮೆ ಸೀರೆಯಲ್ಲಿ ಬಂದ ಅವಳನ್ನು ನೋಡಿ, "ಬಾರಮ್ಮ ಮಹಾರಾಣಿ, ಬಿಚ್ಚು," ಎಂದರು.

"ಮುಚ್ಚಳ ತಗೀರಿ ಸಾರ್. ನಾನು ನೋಡ್ಬೇಕು."

"ತಮಾಸೆ ಮಾಡ್ತಿದೀಯಾ?"

"ಇಲ್ಲ ಸಾರ್."

ಅವರು ಗೋಡೆಗೆ ಬರೆಸಿದ್ದ ನಿಯಮಗಳ ಬೋರ್ಡು ನೋಡಿದರು. ಅದನ್ನು ಬರೆಸಿದ್ದವರು ಅವರೇ. ಕೈಸನ್ನೆ ಮಾಡಿ ಮುಚ್ಚಳ ತೆಗೆಸಿದರು.

ಕಾವೇರಮ್ಮ ಸೀರೆ ಎತ್ತಿಕಟ್ಟಿ, ಮಂಡಿಯೂರಿ, ಕಿಂಡಿಯೊಳಗೆ ತಲೆ ಹಾಕಿದಳು. ಕತ್ತಲೆ. ಮಾವಿನ ವಾಸನೆ.

"ಒಳಗೆ ಯಾರಾದ್ರೂ ಇದೀರಾ?" ಎಂದು ಕೂಗಿದಳು. ಅವಳ ದನಿಯೇ ಒಂದು ಸುತ್ತು ಸುತ್ತಿ ವಾಪಸು ಬಂತು.

ಎರಡನೇ ಸಲ ಕೂಗಿದಳು. ಈ ಸಲ ದನಿಯ ಜೊತೆಗೆ ಒಂದು ಗೊರಕೆಯೂ ಬಂತು.

ಮೂರನೇ ಸಲ ಟ್ಯಾಂಕಿನ ತಗಡು ಬಡಿದು ಕೂಗಿದಳು. ದೊಡ್ಡ ರೆಕ್ಕೆಯ ಹಿಂದಿನಿಂದ ಯಾರೋ ಆಕಳಿಸಿದರು.

"ಯಾರವ್ವ, ಕಾವೇರಮ್ಮನಾ? ಊಟ ಆಯ್ತಾ?"

ಫಿಟ್ಟರ್ ಬೈರಪ್ಪ. ಇಪ್ಪತ್ತು ವರ್ಷ ಬಾಯ್ಲರ್ ಪಕ್ಕದಲ್ಲಿ ದುಡಿದು ಕಿವಿ ಮಂದವಾದವನು. ಭಾನುವಾರ ಅವನು ಒಂದೆರಡು ಗಂಟೆ ಕಾಣದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಕಿಂಡಿಯಿಂದ ತೆವಳಿ ಬಂದು, ಸುತ್ತ ನಿಂತ ಜನವನ್ನು ನೋಡಿ, ಏನೋ ಪೂಜೆಯಿರಬೇಕೆಂದು ಟವೆಲ್ಲನ್ನು ಕಂಕುಳಿಗೆ ಇಟ್ಟುಕೊಂಡ.

"ನಿಮ್ ಬೀಗ ಎಲ್ಲಣ್ಣ?" ಎಂದು ಕಿವಿಯ ಹತ್ತಿರ ಹೋಗಿ ಕೇಳಿದಳು ಕಾವೇರಮ್ಮ.

"ನಿಂದಿತ್ತಲ್ಲವ್ವ. ಹೊರಗೆ ಸುಡು ಬಿಸ್ಲು. ಕಾವೇರಮ್ಮನ ಬೀಗ ಐತೆ, ಯಾರ್ ಮುಟ್ತಾರೆ ಅಂತ ಒಸಿ ಮನಿಕ್ಕಂಡೆ."

ಅನಂತರಾಜು ಅಲ್ಲೇ ಇದ್ದ ಮಾವಿನ ಕ್ರೇಟೊಂದನ್ನು ಬೋರಲು ಹಾಕಿ ಕುಳಿತರು. ಸ್ವಲ್ಪ ಹೊತ್ತಾದ ಮೇಲೆ ನೀರು ಕೇಳಿದರು. ನೀರು ಕುಡಿದು ನೋಡಿದರೆ ಕಾವೇರಮ್ಮ ಮತ್ತೆ ಕಿಂಡಿಯಲ್ಲಿ ತಲೆ ಹಾಕಿದ್ದಳು.

"ಇನ್ಯಾರನ್ನ ಹುಡುಕ್ತಿದೀಯಮ್ಮ?"

"ಇವ್ರು ಇರೋದು ಗೊತ್ತಿತ್ತಾ ಸಾರ್?"

ಅವರು ಇನ್ನೊಂದು ಲೋಟ ನೀರು ಕೇಳಿದರು. ಅವಳು ಮತ್ತೆ ಮೂರು ಸಲ ಕೂಗಿದಳು. ಮುಚ್ಚಳ ಹಾಕಿಸಿ, ಎಲ್ಲ ಬೋಲ್ಟು ಬಿಗಿಯುವವರೆಗೂ ನಿಂತು, ಬೀಗ ಬಿಚ್ಚಿದಳು. ಮೋಟಾರು ಹೊರಟಿತು. ಒಳಗೆ ರೆಕ್ಕೆ ಒಂದು ಸುತ್ತು ತಿರುಗಿದ್ದು ನೆಲದ ಮೂಲಕ ಅವಳ ಅಂಗಾಲಿಗೆ ಗೊತ್ತಾಯಿತು. ಬೀಗದ ಕೈಯನ್ನು ಮತ್ತೆ ಪಿನ್ನಿಗೆ ಸಿಕ್ಕಿಸಿಕೊಂಡಳು. ನಿಯಾಜ್ ಕಾರಿನ ಟೈರು ನೋಡುತ್ತ ನಿಂತಿದ್ದ; ಟೈರಿಗೆ ಏನೂ ಆಗಿರಲಿಲ್ಲ.

ಅವಳು ದೊಡ್ಡಮಳೂರಿಗೆ ವಾಪಸು ಬಂದಾಗ ಮೂರು ಗಂಟೆ. ಬಾಗಿಲ ಮುಂದೆ ಕೆಂಪರಾಜು ಓಮ್ನಿ ಸ್ಟಾರ್ಟ್ ಮಾಡಿಕೊಂಡು ಕೂತಿದ್ದರು. ಸಿರಿಯನ್ನು ನೋಡಲು ಬಂದಿದ್ದ ಹುಡುಗ ಹಿಂದಿನ ಸೀಟಿನಲ್ಲಿದ್ದ. ಕೃಷ್ಣಪ್ಪ ಗಾಡಿಯ ಪಕ್ಕದಲ್ಲಿ ಕೈಕಟ್ಟಿ ನಿಂತು, ಹೆಂಡತಿಯ ಕಡೆ ತಿರುಗಲೂ ಇಲ್ಲ. ಜಗಲಿಯ ಮೇಲೆ ದೊಡ್ಡಲಕ್ಷ್ಮಮ್ಮ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು, ಇನ್ನೊಂದನ್ನು ಹಾಕಿಕೊಳ್ಳದೆ ಕುಳಿತಿದ್ದರು.

"ಒಳಗೆ ಯಾರಾದ್ರೂ ಇದ್ರಾ?" ಎಂದು ಕೇಳಿದರು.

"ಒಬ್ರಿದ್ರು. ಮನಿಕ್ಕಂಡಿದ್ರು."

ದೊಡ್ಡಲಕ್ಷ್ಮಮ್ಮ ಜಗಲಿಯಲ್ಲಿ ಸರಿದು ಅವಳಿಗೆ ಜಾಗ ಮಾಡಿದರು. "ಬೀಗದ ಮ್ಯಾಲೆ ನಿಮ್ ಹೆಸರು ಬರ್ದಿರ್ತಾರಂತೆ, ನಿಮ್ ಮಗಳು ಹೇಳುದ್ಲು."

"ಫೋಟೋನೂ ಹಾಕಿರ್ತಾರೆ."

"ನೀವು ಬರೋವರ್ಗೂ ಯಾರೂ ತಗ್ಯಂಗಿಲ್ವಾ?"

"ತಗ್ಯಂಗಿಲ್ಲ."

"ನಮ್ಮೂರ ಹತ್ರ ಮಾಗಡಿಯಿಂದ ಬಿಡದಿಗೆ ಬಸ್ ಐತೆ," ಎಂದರು ದೊಡ್ಡಲಕ್ಷ್ಮಮ್ಮ. "ನಿಮ್ಮಲ್ಲಿ ಇನ್ನೂ ಆಳು ತಗತಾರಾ?"

"ಮಾವಿನ ಕಾಲ ಮುಗಿಯೋವರ್ಗೂ ತಗತಾರೆ."

ಓಮ್ನಿ ಎರಡು ಸಲ ಹಾರನ್ ಮಾಡಿತು. "ಬಾರೇ, ಹೊತ್ತಾಯ್ತು!" ಎಂದರು ಕೆಂಪರಾಜು.

ದೊಡ್ಡಲಕ್ಷ್ಮಮ್ಮ ಎದ್ದು, ಹಾಕಿಕೊಂಡಿದ್ದ ಒಂದು ಚಪ್ಪಲಿಯನ್ನೂ ಬಿಟ್ಟು, ಬರಿಗಾಲಿನಲ್ಲಿ ಗಾಡಿಯ ಹತ್ತಿರ ಹೋದರು. ಕಿಟಕಿಯೊಳಗೆ ಕೈ ಹಾಕಿ, ಕೆಂಪರಾಜು ಏನೆಂದು ಕೇಳುವ ಮೊದಲೇ ಗಾಡಿ ಆಫ್ ಮಾಡಿ, ಅದರ ಕೀಯನ್ನು ಎಳೆದುಕೊಂಡು ಸೊಂಟಕ್ಕೆ ಸಿಕ್ಕಿಸಿದರು.

"ಇನ್ನೂ ಕಾಫಿ ಕುಡ್ದಿಲ್ಲ," ಎಂದರು.

ಒಳಗೆ ಸಿರಿ ಹಾಲಿನ ಪಾತ್ರೆಯನ್ನು ಒಲೆಯ ಮೇಲಿಟ್ಟ ಸದ್ದು ಕೇಳಿಸಿತು.