ಹೆಸರು ಕೆರೆದ ಡಬ್ಬಿ

ಮುಚ್ಚಳದ ಕಾರ್ಖಾನೆಯ ನಾಲ್ಕನೇ ಮಷೀನು ತಂಗಿಯ ಬಲಗೈಯ ಮೂರು ಬೆರಳು ತಿಂದದ್ದು ಸೋಮವಾರ, ಹತ್ತು ಗಂಟೆಯ ಚಹಾಕ್ಕೆ ಇನ್ನೂ ಐದು ನಿಮಿಷ ಇರುವಾಗ. ಅಚ್ಚು ಬಿತ್ತು, ಎದ್ದಿತು. ತಗಡಿನ ಮುಚ್ಚಳ ಎಂದಿನಂತೆ ದುಂಡಗೆ ಹೊರಗೆ ಬಂತು. ಅದರ ಮೇಲೆ ಕಂಪನಿಯ ಗುರುತಿನ ಪಕ್ಕದಲ್ಲಿ ಅವಳ ಉಗುರಿನ ಗುರುತೂ ಒತ್ತಿತ್ತು. ಓಡಿಬಂದ ಸೂಪರ್‌ವೈಸರ್ ಮೊದಲು ನೋಡಿದ್ದು ಕೈಯನ್ನಲ್ಲ, ತನ್ನ ಮಣಿಕಟ್ಟಿನ ವಾಚನ್ನು. ಇಂಥವನಿಗೆ ಹೆಂಗಸರು ಗಡಿಯಾರ ಅಂತ ಹೆಸರಿಟ್ಟಿದ್ದರಲ್ಲಿ ಆಶ್ಚರ್ಯವೇನು?

"ನಿದ್ದೆಗಣ್ಣಲ್ಲಿ ಕೆಲಸಕ್ಕೆ ಕೂತ್ರೆ ಇನ್ನೇನಾಗುತ್ತೆ!" ಎಂದ ಗಡಿಯಾರ.

ಮಧ್ಯಾಹ್ನದೊಳಗೆ ಆ ಮಾತು ಕಾಗದಕ್ಕೇರಿತು: ಅಪಘಾತಕ್ಕೆ ಕಾರಣ, ಕೆಲಸಗಾರಳ ಅಜಾಗರೂಕತೆ. ಶುಕ್ರವಾರ ಕಾರ್ಮಿಕ ಇಲಾಖೆಯ ಸಾಹೇಬರು ವಿಚಾರಣೆಗೆ ಬರುವವರಿದ್ದರು. ಅವರ ರುಜು ಬಿದ್ದರೆ ಮುಗಿಯಿತು. ಬೆರಳೂ ಹೋಯಿತು, ತಪ್ಪೂ ಅವಳದ್ದೇ ಆಯಿತು. ತಿಂದವನು ಬಾಯಿ ಒರೆಸಿಕೊಂಡು ಹೋಗುತ್ತಾನೆ, ಹಸಿದವಳು ಕಳ್ಳಿ!

ಅವಳ ಅಕ್ಕ ಇಸ್ತ್ರಿ ಅಂಗಡಿಯವಳು. ಬೆಳಗಿನಿಂದ ಸಂಜೆಯವರೆಗೆ ಊರವರ ಬಟ್ಟೆಯ ಸುಕ್ಕು ಬಿಡಿಸುವ ಈ ಹೆಂಗಸಿಗೆ ಒಂದು ವಿಚಿತ್ರ ಹುಚ್ಚು. ಹಳೆಯ ಸರ್ಕ್ಯೂಟ್ ಬೋರ್ಡುಗಳಿಂದ ಬೆರಳುಗುರಿನಷ್ಟಗಲದ ಲೋಹದ ಡಬ್ಬಿಗಳನ್ನು ಕಿತ್ತು ಕೂಡಿಡುವುದು. ಡಬ್ಬಿಯೊಳಗೆ ಒಂದು ಹರಳಿನ ಚೂರು; ವಿದ್ಯುತ್ ಕೊಟ್ಟರೆ ಅದು ಸೆಕೆಂಡಿಗೆ ಲಕ್ಷಾಂತರ ಸಲ ನಡುಗುತ್ತದೆ, ಮಷೀನುಗಳೆಲ್ಲ ಆ ನಡುಕದ ತಾಳಕ್ಕೇ ಹೆಜ್ಜೆ ಹಾಕುತ್ತವೆ. ಅವಳಿಗೆ ಎಲ್ಲಕ್ಕಿಂತ ಪ್ರೀತಿ ಯಾವ ಪಟ್ಟಿಯಲ್ಲೂ ಇಲ್ಲದ, ಹೆಸರು ನಂಬರು ಅಳಿಸಿಹೋದ ಡಬ್ಬಿಗಳ ಮೇಲೆ. "ಮನೇಲಿ ಗಂಡ ಇಲ್ಲ, ಡಬ್ಬಿ ತುಂಬಾ ಇದೆ" ಎಂದು ಬೀದಿಯವರು ನಗುತ್ತಿದ್ದರು. "ಡಬ್ಬಿ ಕುಡಿದು ಬಂದು ಹೊಡೆಯಲ್ಲ ಬಿಡಿ" ಎಂದು ಅವಳೂ ನಗುತ್ತಿದ್ದಳು. ಬೋರ್ಡು ತಂದುಕೊಡುತ್ತಿದ್ದವನು ಗುಜರಿ ತಾತ. ಪ್ರತಿಯಾಗಿ ಅವನ ಇದ್ದೊಂದು ಒಳ್ಳೆಯ ಅಂಗಿಗೆ ವಾರಕ್ಕೊಮ್ಮೆ ಇಸ್ತ್ರಿ.

ಬುಧವಾರ ಮಧ್ಯಾಹ್ನ ತಾತ ಒಂದು ಚೀಲ ತಂದು ಮೇಜಿನ ಮೇಲೆ ಸುರಿದ. "ನಿನ್ ತಂಗಿ ಕಾರ್ಖಾನೆದು ಕಣಮ್ಮ. ಬೇಗ ತಗೊಂಡ್ಹೋಗು ತಗೊಂಡ್ಹೋಗು ಅಂತ ಗೇಟಿನವನು ಅಟ್ಟಿಬಿಟ್ಟ."

ಬಿಳಿ ಬಣ್ಣದಲ್ಲಿ 4 ಎಂದು ಬರೆದಿದ್ದ ಒಂದು ಬೋರ್ಡು. ಅದರಲ್ಲೊಂದು ಡಬ್ಬಿ, ಡಬ್ಬಿಯ ನೆತ್ತಿಯನ್ನು ಯಾರೋ ಅರದಿಂದ ಉಜ್ಜಿ ಅಕ್ಷರ ಕೆರೆದಿದ್ದರು. ಜೊತೆಗೆ ಒಂದು ಪೊಟ್ಟಣದಲ್ಲಿ ಬಿಡಿ ಡಬ್ಬಿಗಳು, ಎಲ್ಲದರ ಮೇಲೂ ಎಂಟು ಮೆಗಾಹರ್ಟ್ಸ್, ಅಂದರೆ ಸೆಕೆಂಡಿಗೆ ಎಂಬತ್ತು ಲಕ್ಷ ನಡುಕ ಎಂಬ ಅಚ್ಚು ಸ್ಪಷ್ಟ. ಅಕ್ಕ ಎಣಿಸಿದಳು. ಹತ್ತು.

"ಹೆಸರೇ ಕೆರೆದುಬಿಟ್ಟಿದ್ದಾರಲ್ಲಕ್ಕಾ, ಇನ್ನೇನು ಗೊತ್ತಾಗುತ್ತೆ?" ಬ್ಯಾಂಡೇಜಿನ ಕೈಯನ್ನು ಎದೆಗೊತ್ತಿಕೊಂಡು ಕೂತಿದ್ದ ತಂಗಿ ಕೇಳಿದಳು.

"ಹೆಸರು ಕೆರೆದ್ರೆ ನಾಡಿ ನಿಲ್ಲುತ್ತೇನೇ?"

ಅಕ್ಕ ಡಬ್ಬಿಯನ್ನು ಬಿಸಿ ಮಾಡಿ ಕಿತ್ತಳು. ನಾಲ್ಕು ಕಾಲು. ಮೀಟರಿನ ಒಂದು ತಂತಿಯ ತುದಿಯನ್ನು ಡಬ್ಬಿಯ ಮೈಗಿಟ್ಟು ಇನ್ನೊಂದನ್ನು ಕಾಲಿಂದ ಕಾಲಿಗೆ ಮುಟ್ಟಿಸಿದಳು. ಮೀಟರು ಕೀ ಎಂದು ಕೂಗಿದ್ದು ನೆಲದ ಕಾಲಿಗೆ, ಅಂದರೆ ಅರ್ತಿಂಗಿನದಕ್ಕೆ. ಅದಕ್ಕೆ ಮೂಲೆಯಿಂದ ಮೂಲೆಗೆ ಎದುರಿರುವುದು ವಿದ್ಯುತ್ ಉಣ್ಣುವ ಕಾಲು. ಡಬ್ಬಿಯ ಮೂರು ಮೂಲೆ ದುಂಡು, ಒಂದು ಚೂಪು. ಚೂಪು ಮೂಲೆಯದು ಸುಮ್ಮನಿರುವ ಕಾಲು. ಉಳಿದದ್ದು ಮಾತಾಡುವ ಕಾಲು, ನಡುಕ ಹೊರಬರುವುದು ಅಲ್ಲಿಂದ. ಗುರುತಿಲ್ಲದ ಡಬ್ಬಿಗೆ ಒಮ್ಮೆಲೇ ಪೂರ್ತಿ ವಿದ್ಯುತ್ ಕೊಟ್ಟರೆ ಸುಟ್ಟುಹೋದೀತೆಂದು ಮೊದಲು ಮೂರು ವೋಲ್ಟ್ ಉಣಿಸಿ, ಬೆರಳಿಟ್ಟು ಬಿಸಿ ನೋಡಿ, ಆಮೇಲೆ ಐದಕ್ಕೆ ಏರಿಸಿದಳು. ನಡುಕದ ಲೆಕ್ಕ ತೋರಿಸುವ ಎಣಿಕೆ ಯಂತ್ರದ ಕೆಂಪು ಅಂಕಿಗಳು ಓಡಾಡಿ ನಿಂತವು.

ಹನ್ನೆರಡು ಮೆಗಾಹರ್ಟ್ಸ್. ಎಂಟರ ಒಂದೂವರೆ ಪಟ್ಟು.

ಅಕ್ಕ ತಂಗಿಯ ಕಡೆ ತಿರುಗಿದಳು. "ನೀವು ಕೈ ತೆಗೆಯೋದು ಹೇಗೆ, ಹೇಳು."

"ಪೆಡಲ್ ಒತ್ತಿದ್ ಕೂಡ್ಲೇ ಕೆಂಪು ದೀಪ. ಅಲ್ಲಿಂದ ಹಿಡಿ, ಬಿಡು, ಬಾ ಅಂತ ಎಣಿಸ್ತೀವಿ. 'ಹಿಡಿ'ಗೆ ತಗಡು ನೆಟ್ಟಗೆ, 'ಬಿಡು'ಗೆ ಬೆರಳು ಸಡಿಲ, 'ಬಾ' ಅಂದ್ರೆ ಕೈ ಹೊರಗೆ. ಆಮೇಲೆ ಅಚ್ಚು. ಏಳು ವರ್ಷದಿಂದ ಹೀಗೇ. ಕೈಗೇ ಬಾಯಿಪಾಠ."

"ಆ ಮೂರು ಮಾತಿಗೆ ಮಷೀನ್ ಒಂದು ಸೆಕೆಂಡ್ ಕೊಡ್ಬೇಕು. ಈ ಡಬ್ಬಿ ಹಾಕಿದ್ರೆ ಎರಡೇ ಮಾತಿಗೆ ಸಮಯ. 'ಬಾ' ಅನ್ನೋ ಮೊದ್ಲೇ ಅಚ್ಚು ಬೀಳುತ್ತೆ."

ತಂಗಿ ಬ್ಯಾಂಡೇಜಿನ ಕೈಯನ್ನು ನೋಡಿಕೊಂಡಳು. ಆಮೇಲೆ ಮೆಲ್ಲಗೆ, "ಮೊನ್ನೆ ಭಾನುವಾರದ ರಜೆ ಆದ್ಮೇಲೆ ಮಷೀನ್ ಯಾಕೋ ಅವಸರ ಮಾಡ್ತಿದೆ, ಅಚ್ಚಿನ ಗಾಳಿ ಬೆರಳಿಗೆ ತಾಗುತ್ತೆ ಅಂತ ಗಡಿಯಾರಂಗೆ ಹೇಳ್ದೆ ಅಕ್ಕ. ಮುಖ ತೊಳ್ಕೊಂಡು ಬಾ ಅಂದ" ಎಂದಳು.

"ಮಷೀನ್ ಎಷ್ಟಿವೆ?"

"ಹನ್ನೊಂದು."

ಅಕ್ಕ ಹತ್ತು ಹಳೆಯ ಡಬ್ಬಿಗಳನ್ನು ನೋಡಿದಳು. ಹನ್ನೊಂದನ್ನು ಕಿತ್ತಿದ್ದರು, ಒಂದು ಮಾತ್ರ ಹೊಸ ಬೋರ್ಡಿನ ಮೇಲೆ ವಾಪಸು ಹೋಗಿತ್ತು, ನಾಲ್ಕನೆಯದಕ್ಕೆ, ಸಾಹೇಬರು ನೋಡಲಿರುವ ಮಷೀನಿಗೆ. ಉಳಿದ ಹತ್ತು ಮಷೀನು ಈ ಗಳಿಗೆಯಲ್ಲೂ ಹಲ್ಲು ಮಸೆಯುತ್ತ ಹೆಂಗಸರ ಕೈಗೆ ಕಾಯುತ್ತಿದ್ದವು. ಆ ಸಂಜೆಯೇ ಅಕ್ಕ ಹತ್ತೂ ಹೆಂಗಸರ ಮನೆಗೆ ಹೋಗಿ, 'ಬಾ'ಗೆ ಕಾಯದೆ 'ಬಿಡು'ಗೇ ಕೈ ಎಳೆದುಕೊಳ್ಳಿ ಎಂದು ಹೇಳಿಬಂದಳು.

ಗುರುವಾರ ಮಧ್ಯಾಹ್ನ ಅಂಗಡಿಯ ಬಾಗಿಲಲ್ಲಿ ಮೊದಲು ಬಂದು ಬಿದ್ದದ್ದು ಗುಜರಿ ತಾತ. ಮೂಗು ಒಡೆದು ಇಸ್ತ್ರಿಯ ಅಂಗಿಯೆಲ್ಲ ರಕ್ತ. ಅವನನ್ನು ದಾಟಿಕೊಂಡು ಗಡಿಯಾರ ಬಂದ, ಹಿಂದೆ ಇಬ್ಬರು ದಾಂಡಿಗರು. ಒಬ್ಬ ಶಟರ್ ಎಳೆದ.

"ಹೊಡೆದು ಕೇಳಿದ್ರು ತಾಯಿ, ಹೇಳ್ಬಿಟ್ಟೆ" ಎಂದು ತಾತ ನೆಲದಿಂದ ಅತ್ತ.

"ಚೀಲ ಎಲ್ಲಿ?" ಎಂದ ಗಡಿಯಾರ.

"ಯಾವ ಚೀಲ?" ಎಂದಳು ಅಕ್ಕ.

ಅವನು ಮತ್ತೆ ಕೇಳಲಿಲ್ಲ. ದಾಂಡಿಗರು ಅವಳ ಎಡಗೈಯನ್ನು ಮೇಜಿಗೆ ಅದುಮಿ ಅಂಗೈ ಬಿಡಿಸಿದರು. ಗಡಿಯಾರ ಕಾದಿದ್ದ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಅದರ ಮೇಲಿಟ್ಟ. ಇಟ್ಟವನು ವಾಚು ನೋಡಿದ. ಇಪ್ಪತ್ತು ವರ್ಷ ಬಟ್ಟೆಯ ಆವಿ ಕುಡಿದಿದ್ದ ಆ ಕೋಣೆಯಲ್ಲಿ ಮೊದಲ ಸಲ ಮಾಂಸದ ಹೊಗೆ ಎದ್ದಿತು. ಅಕ್ಕ ಕೂಗಲಿಲ್ಲ, ತುಟಿ ಕಚ್ಚಿ ರಕ್ತ ಬರಿಸಿಕೊಂಡಳು. ಕೂಗಿದ್ದು ತಂಗಿ. ಬಟ್ಟೆಗಂಟಿನ ಕೆಳಗಿಂದ ಚೀಲ ಎಳೆದು ಅವಳೇ ಅವನ ಮುಖಕ್ಕೆ ಎಸೆದಳು. "ತಗೊಳ್ಳೋ, ತಿನ್ನೋ! ಅವಳ ಕೈ ಬಿಡೋ!"

ಅವರು ಬೋರ್ಡನ್ನು ಸುತ್ತಿಗೆಯಿಂದ ಪುಡಿ ಮಾಡಿದರು. ಕೆರೆದ ಡಬ್ಬಿಯನ್ನು ಚಪ್ಪಟೆ ಮಾಡಿದರು, ಹತ್ತನ್ನೂ ಮಾಡಿದರು. ಸಾಲದ್ದಕ್ಕೆ ಅಕ್ಕನ ಡ್ರಾಯರುಗಳನ್ನು ನೆಲಕ್ಕೆ ಸುರಿದು, ಹನ್ನೆರಡು ವರ್ಷದಿಂದ ಒಂದೊಂದಾಗಿ ಮಾತಾಡಿಸಿ ಚೀಟಿ ಅಂಟಿಸಿದ್ದ ಮುನ್ನೂರು ಡಬ್ಬಿಗಳನ್ನು ಜಜ್ಜಿದರು. ಎಣಿಕೆ ಯಂತ್ರದ ಕಣ್ಣೊಡೆಯಿತು.

"ಈಗ ನಾಳೆ ಏನು ಹೇಳ್ತೀಯೋ ಹೇಳು" ಎಂದು ಗಡಿಯಾರ ಶಟರ್ ಎತ್ತಿಕೊಂಡು ಹೊರಟ.

ಶುಕ್ರವಾರ ಕಾರ್ಖಾನೆಯ ಮಷೀನುಗಳೆಲ್ಲ ನಿಂತಿದ್ದವು. ಹೆಂಗಸರು ತಂತಮ್ಮ ಜಾಗದಲ್ಲಿ ಎದ್ದು ನಿಂತಿದ್ದರು. ಅಕ್ಕ ತಂಗಿಯರೂ ಬಂದಿದ್ದರು, ಒಬ್ಬೊಬ್ಬರಿಗೆ ಒಂದೊಂದು ಬ್ಯಾಂಡೇಜು. ತೆಳ್ಳಗಿನ ಸಾಹೇಬರು ಕಡತ ಬಗಲಲ್ಲಿಟ್ಟುಕೊಂಡು ನಾಲ್ಕನೇ ಮಷೀನಿನ ಮುಂದೆ ನಿಂತರು.

ಗಡಿಯಾರ ಅಂಗಿಯ ತೋಳು ಮಡಚಿದ. "ನೋಡಿ ಸಾರ್, ನನ್ನ ಸ್ವಂತ ಕೈ." ತಗಡು ಹಿಡಿದು ಪೆಡಲ್ ಒತ್ತಿದ. ಕೆಂಪು ದೀಪ. ಹಿಡಿ, ಬಿಡು, ಬಾ. ಕೈ ಆರಾಮಾಗಿ ಹೊರಗೆ ಬಂತು, ಆಮೇಲೆ ಅಚ್ಚು ಬಿತ್ತು. ಸಾಹೇಬರು ತಲೆಯಾಡಿಸಿ ಪೆನ್ನಿನ ಮುಚ್ಚಳ ತೆಗೆದರು.

"ಐದನೇದ್ರಲ್ಲೂ ತೋರಿಸ್ಲಿ ಸಾರ್" ಎಂದಳು ಅಕ್ಕ.

"ಯಾರಮ್ಮ ನೀನು?"

"ಇವಳ ಅಕ್ಕ. ಮಷೀನ್ ಎಲ್ಲಾ ಒಂದೇ ಥರ ಅಂತ ಕಾಗದದಲ್ಲಿದೆಯಲ್ಲ ಸಾರ್? ಹಂಗಾದ್ರೆ ಐದರಲ್ಲೂ ಅದೇ ಕೈ ಇಡೋಕೇನು ಕಷ್ಟ?"

ಸಾಹೇಬರು ಗಡಿಯಾರನ ಕಡೆ ನೋಡಿದರು. "ಹೌದು, ತೋರಿಸಿಬಿಡಿ. ಒಂದು ನಿಮಿಷದ ಕೆಲಸ."

ಗಡಿಯಾರ ಒಂದು ಹೆಜ್ಜೆ ಹಿಂದಕ್ಕೆ ಸರಿದ. "ಅದು ರಿಪೇರೀಲಿದೆ ಸಾರ್."

ಐದನೇ ಮಷೀನಿನ ದಪ್ಪಕ್ಕ ಸೊಂಟಕ್ಕೆ ಕೈಯಿಟ್ಟಳು. "ಬೆಳಿಗ್ಗೆಯಿಂದ ಅದ್ರಲ್ಲೇ ಒತ್ತುತಾ ಇದ್ದೀನಲ್ಲಪ್ಪ! ನಿನ್ ಕೈಗಾದ್ರೆ ರಿಪೇರಿ, ನನ್ ಕೈಗಾದ್ರೆ ಕೆಲಸವಾ?"

ಗಡಿಯಾರ ಅವಳ ಕೆನ್ನೆಗೆ ಬಾರಿಸಿದ.

ಆ ಏಟಿನ ಸದ್ದು ತಗಡಿನ ಚಾವಣಿಗೆ ತಾಗಿ ಮರಳುವಷ್ಟರಲ್ಲಿ ಹತ್ತು ಜನ ಹೆಂಗಸರು ಅವನ ಮೇಲಿದ್ದರು. ವಾಚು ಕಿತ್ತುಬಂತು, ಅಂಗಿ ಹರಿಯಿತು, ಒಬ್ಬಳ ಹಲ್ಲು ಅವನ ಕಿವಿಯಲ್ಲಿತ್ತು. ದಪ್ಪಕ್ಕ ಅವನ ಬಲಗೈ ತಿರುಚಿ ಐದರ ಅಚ್ಚಿನ ಕೆಳಗೆ ತುರುಕಿ, ತನ್ನ ಮೈಭಾರವನ್ನೆಲ್ಲ ತೋಳಿನ ಮೇಲೆ ಹಾಕಿದಳು. ಬಾಗಿಲಿಗೆ ಓಡಿದ ಸಾಹೇಬರನ್ನು ಇಬ್ಬರು ಹಿಡಿದು ತಂದರು. "ನಿಮ್ಮನ್ನ ಮುಟ್ಟಲ್ಲ ಸಾರ್. ನಿಂತು ನೋಡಿ."

ಯಾರೋ ಮಷೀನು ಚಾಲೂ ಮಾಡಿದರು. ಪೆಡಲಿನ ಮೇಲೆ ಕಾಲಿಟ್ಟವಳು ತಂಗಿ.

"ಅಜಾಗರೂಕತೆ ಅಂತ ಬರೆದ್ಯಲ್ಲ, ಈಗ ಜಾಗರೂಕತೆಯಿಂದ ತೆಗಿಯಪ್ಪ ಕೈಯ" ಎಂದಳು. ಅವಳ ದನಿ ನಡುಗುತ್ತಿರಲಿಲ್ಲ. ಅಕ್ಕನಿಗೆ ಭಯವಾದದ್ದು ಅದಕ್ಕೇ.

"ಹಿಡಿ" ಎಂದರು ಹೆಂಗಸರು ಒಟ್ಟಿಗೆ. "ಬಿಡು..."

"ಒತ್ತಬೇಡ!" ಗಡಿಯಾರ ಕಿರುಚಿದ. ಪ್ಯಾಂಟು ಒದ್ದೆಯಾಗಿತ್ತು. "ಡಬ್ಬಿ ಬದಲಾಯಿಸಿದ್ದೀವಿ! ಎಲ್ಲಾದಕ್ಕೂ! ನಾಲ್ಕಕ್ಕೆ ಮಾತ್ರ ಹಳೇದು ಹಾಕಿದ್ದು! ಯಜಮಾನರು ಹೇಳಿದ್ರು, ಮುಚ್ಚಳ ಜಾಸ್ತಿ ಬರ್ಬೇಕು ಅಂದ್ರು, ನಂಬರ್ ಕೆರೆಸಿದ್ದು ನಾನೇ, ಬಿಡ್ರೇ!"

"ಒತ್ತು" ಎಂದಿತು ಒಂದು ಬಾಯಿ. ಅದು ತನ್ನದೇ ಬಾಯಿ ಎಂದು ಅಕ್ಕನಿಗೆ ತಿಳಿದದ್ದು ಆಮೇಲೆ. ಸುಟ್ಟ ಅಂಗೈ ಬ್ಯಾಂಡೇಜಿನೊಳಗೆ ಇಷ್ಟು ಹೊತ್ತೂ ಬೇಡುತ್ತಿದ್ದದ್ದು ಅದನ್ನೇ.

ತಂಗಿ ಅವಳ ಕಡೆ ತಿರುಗಲಿಲ್ಲ. ಸಾಹೇಬರನ್ನು ನೋಡಿದಳು. "ಕೇಳಿಸ್ತಾ ಸಾರ್?"

"ಮೊದ್ಲು ಕಾಲು ತೆಗಿಯಮ್ಮ..."

"ಮೊದ್ಲು ಬರೀರಿ. ಆಮೇಲೆ ಮಷೀನ್ ಪೆಟ್ಟಿಗೆ ಬಿಚ್ಚಿ ನೋಡ್ಕೊಳ್ಳಿ, ಹತ್ತೂ ಇಲ್ಲೇ ಇವೆ. ಬಲವಂತಕ್ಕೆ ಹೇಳಿದ ಅಂತೀರೇನೋ. ಮಷೀನಿಗೆ ಯಾರೂ ಬಲವಂತ ಮಾಡಿಲ್ಲ."

ಸಾಹೇಬರು ಬರೆದರು. ಮಿಸ್ತ್ರಿಯನ್ನು ಕರೆಸಿ ಒಂದೊಂದೇ ಪೆಟ್ಟಿಗೆ ಬಿಚ್ಚಿಸಿದರು. ಹತ್ತರಲ್ಲೂ ನೆತ್ತಿ ಕೆರೆದ ಡಬ್ಬಿ. ಹತ್ತನ್ನೂ ಬರೆದುಕೊಂಡು, 'ಅಜಾಗರೂಕತೆ' ಎಂಬ ಪದವನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದರು. ಅಲ್ಲಿಯವರೆಗೂ ತಂಗಿ ಪೆಡಲಿನಿಂದ ಕಾಲು ತೆಗೆಯಲಿಲ್ಲ, ದಪ್ಪಕ್ಕ ತೋಳಿನ ಮೇಲಿಂದ ಏಳಲಿಲ್ಲ.

ಮಷೀನುಗಳಿಗೆ ಮುದ್ರೆ ಬಿತ್ತು. ಪೊಲೀಸ್ ವ್ಯಾನು ಬಂತು. ಬಂದದ್ದು ಯಜಮಾನನಿಗಲ್ಲ, ಅಕ್ಕ, ತಂಗಿ, ದಪ್ಪಕ್ಕ ಈ ಮೂವರಿಗೆ. ಹಲ್ಲೆ, ಕೊಲೆ ಬೆದರಿಕೆ, ಸರ್ಕಾರಿ ಕೆಲಸಕ್ಕೆ ಅಡ್ಡಿ. ನ್ಯಾಯದ ಗಾಡಿ ಯಾವಾಗಲೂ ಬಡವರ ಬಾಗಿಲಿಗೇ ಬೇಗ ತಲುಪುತ್ತದೆ.

ವ್ಯಾನಿನ ಕಬ್ಬಿಣದ ಬೆಂಚಿನ ಮೇಲೆ ದಪ್ಪಕ್ಕ ಊದಿದ ಕೆನ್ನೆ ಉಜ್ಜಿಕೊಳ್ಳುತ್ತ, "ಸ್ಟೇಷನ್ನಲ್ಲಿ ಊಟ ಕೊಡ್ತಾರೋ ಇಲ್ವೋ" ಎಂದಳು.

"ಒತ್ತು ಅಂದದ್ದು ನೀನೇನಾ ಅಕ್ಕ?" ತಂಗಿ ಕೇಳಿದಳು.

"ಹ್ಞೂಂ."

"ಕಾಲು ಅರ್ಧ ಇಳಿದಿತ್ತು. ಸಾಹೇಬರು ಪೆನ್ನು ಕಾಗದಕ್ಕೆ ಊರಿದ್ದು ಕಾಣಿಸ್ತು, ನಿಲ್ಲಿಸ್ದೆ. ಅವರೇನಾದ್ರೂ ಇನ್ನೊಂದು ಮಾತು ಎಳೆದಿದ್ರೆ..."

ಅವಳು ಉಳಿದ ಎರಡು ಬೆರಳಿನಿಂದ ಅಕ್ಕನ ಸೆರಗಿನ ತುದಿ ಹಿಡಿದುಕೊಂಡಳು. ವ್ಯಾನು ಹೊರಟಿತು.