ಬೂದಿಯಲ್ಲಿ ತಿಕ್ಕಿದ ಬೆಳ್ಳಿ

ತಕ್ಕಡಿಯ ಎಡತಟ್ಟೆ ಕೆಳಗಿಳಿಯಲೇ ಇಲ್ಲ. ಔಷಧದವನು ತಟ್ಟೆಯನ್ನೊಮ್ಮೆ ಊದಿ, ದಾರ ಸರಿಮಾಡಿ, ಮತ್ತೆ ಎತ್ತಿ ಹಿಡಿದ. ಎಡಕ್ಕೆ ಒಟ್ಟೀಲಿಯ ತಂದ ದೊಡ್ಡ ಬೆಳ್ಳಿ ನಾಣ್ಯ, ಬಲಕ್ಕೆ ಅವನ ಹಿತ್ತಾಳೆಯ ತೂಕದ ಬಟ್ಟು. ನಾಣ್ಯ ಮೇಲೆಯೇ ತೂಗಾಡುತ್ತಿತ್ತು.

“ತೂಕ ಕಮ್ಮಿ ಇದೆ ತಾಯಿ,” ಎಂದ.

ಒಟ್ಟೀಲಿಯಳಿಗೆ ಮಾತು ತಲೆಗೆ ಹತ್ತಲಿಲ್ಲ. ಒಂಬತ್ತು ವರ್ಷದಿಂದ ಮನೆಯ ಗೋಡೆಗೂಡು ಬಿಟ್ಟು ಆಚೆ ಬಂದ ನಾಣ್ಯವಲ್ಲ ಅದು. ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗಿದ್ದಿಲ್ಲ, ಸಂತೆಯ ಬೆವರು ಕಂಡಿದ್ದಿಲ್ಲ. ಕೂತಲ್ಲೇ ಕೂತ ಬೆಳ್ಳಿ ಸವೆಯುವುದುಂಟೆ?

ಅವಳ ಗಂಡ ಗಣಿಯೊಳಗೇ ಉಳಿದುಹೋದ ವಾರ, ಮೇಸ್ತ್ರಿ ಮನೆ ಬಾಗಿಲಿಗೆ ತಂದುಕೊಟ್ಟ ಕೊನೆಯ ಕೂಲಿ ಅದು. ಒಂದು ಮಗ್ಗುಲಲ್ಲಿ ಸಿಂಹ, ಇನ್ನೊಂದರಲ್ಲಿ ಕೋಲೂರಿ ನಿಂತ ಸಂತ ಯೋವಾಕೀಮ, ಮಾತೆ ಮರಿಯಳ ತಂದೆ, ಈ ಕಣಿವೆಗೆ ಹೆಸರು ಕೊಟ್ಟವನು. ದೇವಕುಮಾರನಿಗೆ ಅಜ್ಜನಾದವನು ತನಗೂ ಅಜ್ಜನೇ ಎಂದು ಒಟ್ಟೀಲಿಯ ಅವನನ್ನು ಅಜ್ಜ ಎಂದೇ ಕರೆದಳು. ಗಂಡನ ಉಸಿರಿಗೆ ಬದಲಾಗಿ ಬಂದದ್ದನ್ನು ಅಂಗಡಿಗೆ ಒಯ್ಯಲು ಮನಸ್ಸು ಬರಲಿಲ್ಲ. ಗೂಡಿನಲ್ಲಿ ಮುಖ ಹೊರಗೆ ಮಾಡಿ ನಿಲ್ಲಿಸಿ, ಮುಂದೆ ಮೇಣದ ಬತ್ತಿ ಹಚ್ಚಿದಳು.

ಬತ್ತಿಯ ಹೊಗೆಗೆ ಅಜ್ಜ ಕಪ್ಪಾಗುತ್ತಿದ್ದ. ಶನಿವಾರ ಶನಿವಾರ ಒಲೆಯ ಬೂದಿ ಹಾಕಿ, ಹಳೆಯ ಬಟ್ಟೆಯಲ್ಲಿ ತಿಕ್ಕಿ, ನೀರಿನಲ್ಲಿ ತೊಳೆದು, ಮುತ್ತಿಟ್ಟು ಮತ್ತೆ ನಿಲ್ಲಿಸುವಳು. ತಿಕ್ಕುವಾಗ ತಾಯಿ ಕಲಿಸಿದ ಸ್ತುತಿಯ ಸಾಲುಗಳು ಬಾಯಲ್ಲಿ ತಾವಾಗಿ ಹರಿಯುತ್ತಿದ್ದವು. ಒಂದು ಸಾಲಿಗೆ ಒಂದು ಸುತ್ತು.

ಆಮೇಲೆ ವಿಟೆನ್‌ಬರ್ಗಿನಲ್ಲಿ ಓದಿದ ಹೊಸ ಮತದ ಬೋಧಕರು ಬಂದರು. ಸಂತರಿಗೆ ಮೊರೆಯಿಡುವುದು ತಪ್ಪು ಎಂದರು. ಚರ್ಚಿನ ಮರದ ಮೂರ್ತಿಗಳು ಅಟ್ಟ ಸೇರಿದವು, ಮನೆಮನೆಯ ಗೂಡುಗಳು ಬರಿದಾದವು. ಒಟ್ಟೀಲಿಯಳ ಗೂಡು ಮಾತ್ರ ಉಳಿಯಿತು. ಮನೆಯಲ್ಲಿ ಬೆಳ್ಳಿ ಇಟ್ಟುಕೊಂಡದ್ದಕ್ಕೆ ಯಾವ ಬೋಧಕ ಬೈದಾನು? ಸೊಸೆ ಡೋರ್ಟೆ ಒಮ್ಮೊಮ್ಮೆ ಚುಚ್ಚುವಳು: “ಅತ್ತೆ, ಬೇರೆಯವರ ದೇವರು ಕೈ ಎತ್ತಿ ಹರಸತ್ತೆ. ನಿಮ್ಮದನ್ನ ಕೊಟ್ರೆ ಸಂತೇಲಿ ಹಂದಿಮರಿ ಬರತ್ತೆ.”

ಈಗ ಮಗ ವೆಂಡೆಲ್ ಹನ್ನೆರಡು ದಿನದಿಂದ ಮಲಗಿದ್ದ. ತಂದೆಯ ಗಣಿಯಲ್ಲೇ ಕಲ್ಲೊಡೆಯುವವನು. ಗಣಿಯ ದೂಳು ಎದೆಗೆ ಕೂತಿತ್ತು. ಇಂದು ಬೆಳಿಗ್ಗೆ ಕೆಮ್ಮಿದಾಗ ಬಟ್ಟೆ ಕೆಂಪಾಯಿತು. ಡೋರ್ಟೆ ಪೇಟೆ ಚೌಕಕ್ಕೆ ಓಡಿಹೋಗಿ ವಿಚಾರಿಸಿಕೊಂಡು ಬಂದಳು. ಲೈಪ್‌ಜಿಗ್ಗಿನ ಔಷಧದವನ ಬಳಿ ಎದೆಗೆ ಪುಡಿ ಇದೆಯಂತೆ, ಮಧ್ಯಾಹ್ನದ ಗಂಟೆ ಹೊಡೆದರೆ ಗಾಡಿ ಕಟ್ಟುತ್ತಾನಂತೆ, ಒಂದು ತಾಲರ್ ಕೇಳುತ್ತಾನಂತೆ.

“ಹಾಗಂದ್ರೆ ಏನೇ?” ಎಂದು ಒಟ್ಟೀಲಿಯ ಕೇಳಿದಳು.

ಡೋರ್ಟೆ ಗೂಡಿನ ಕಡೆ ನೋಡಿದಳು, ಕಣ್ಣು ತೆಗೆದಳು, ಮತ್ತೆ ನೋಡಿದಳು.

ಒಟ್ಟೀಲಿಯ ಗೂಡಿನ ಮುಂದೆ ನಿಂತಳು. ಮಗನ ಉಸಿರು ಉಳಿಸು ಎಂದು ಹನ್ನೆರಡು ದಿನದಿಂದ ಬೇಡಿದ್ದು ಇವನನ್ನೇ. ಈಗ ಇವನನ್ನೇ ಕೊಟ್ಟು ಬಂದರೆ ಬೇಡಿದ್ದು ಯಾರ ಲೆಕ್ಕಕ್ಕೆ? ಕೊಡದೆ ಇಟ್ಟುಕೊಂಡರೆ ಬೇಡಿದ್ದು ಯಾತಕ್ಕೆ? ಬೋಧಕರನ್ನು ಕೇಳೋಣವೆಂದರೆ ಅವರ ಪಾಲಿಗೆ ಎರಡೂ ಒಂದೇ. ಕೊನೆಗೆ ಅಜ್ಜನನ್ನು ಕರವಸ್ತ್ರದಲ್ಲಿಟ್ಟು, ದಾರಿ ಕಾಣಲಿ ಎಂಬಂತೆ ಮುಖ ಮೇಲೆ ಮಾಡಿ, ಬೊಗಸೆಯಲ್ಲಿ ಹಿಡಿದು ಚೌಕಕ್ಕೆ ಇಳಿದು ಬಂದಿದ್ದಳು.

ಔಷಧದವನು ನಾಣ್ಯವನ್ನು ಬೆಳಕಿಗೆ ಹಿಡಿದ. ಕೋಲು ಇತ್ತು, ಗಡ್ಡದ ಅಂಚು ಇತ್ತು, ಮುಖವಿದ್ದ ಕಡೆ ನುಣುಪು. ಅಕ್ಷರಗಳ ಸಂದಿಯಲ್ಲಿದ್ದ ಮೇಣವನ್ನು ಚಾಕುವಿನ ಮೊನೆಯಿಂದ ಕೆದಕಿ ತೆಗೆದು ಮತ್ತೆ ತೂಗಿದ. ತಟ್ಟೆ ಇನ್ನಷ್ಟು ಮೇಲೆದ್ದಿತು.

“ಈ ತಾಲರನ್ನ ಯಾರೋ ಉಜ್ಜಿದಾರೆ.”

“ಅದು ಯೋವಾಕೀಮ ಕಣಪ್ಪಾ.”

“ಇಲ್ಲಿ ಹಾಗಂತೀರಿ. ಯೋವಾಕೀಮ, ಅವನ ಕಣಿವೆ, ಆ ಕಣಿವೇದು ಅಂತ ಅಷ್ಟುದ್ದ ಹೇಳೋದ್ರೊಳಗೆ ಸಂತೆ ಮುಗಿದುಹೋಗತ್ತೆ ತಾಯಿ. ಬರೀ ‘ಕಣಿವೇದು’ ಅಂದ್ರೆ ಸಾಕು, ಅದೇ ತಾಲರ್. ಲೈಪ್‌ಜಿಗ್ಗಲ್ಲೂ ಅದೇ, ಪ್ರಾಗ್‌ನಲ್ಲೂ ಅದೇ. ಬೇರೆ ಕಣಿವೆ ಬೆಳ್ಳಿಗೂ ಈಗ ಅದೇ ಹೆಸರು.”

“ಮತ್ತೆ ಅಜ್ಜ?”

ಅವನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಏತರಲ್ಲಿ ಉಜ್ಜಿದಿರಿ ಎಂದು ಅವನೇ ಕೇಳಿದ. ಬೂದಿಯಲ್ಲಿ, ಶನಿವಾರ ಶನಿವಾರ, ಒಂಬತ್ತು ವರ್ಷ ಎಂದಳು. ಅವನು ನಗಲಿಲ್ಲ, ನಕ್ಕಿದ್ದರೆ ವಾಸಿಯಿತ್ತು.

“ಬೂದಿ ಬೆಳ್ಳಿ ತಿನ್ನತ್ತೆ. ನಿಮ್ಮಜ್ಜನ್ನ ನೀವೇ ತೊಳೆದು ಚೆಲ್ಲಿದೀರಿ.”

ಅವಳಿಗೆಂದು ಕಟ್ಟಿಟ್ಟಿದ್ದ ಪೊಟ್ಟಣ ಬಿಚ್ಚಿ, ಚಾಕುವಿನ ತುದಿಯಲ್ಲಿ ಒಂದು ಚಿಟಿಕೆ ಪುಡಿಯನ್ನು ತೆಗೆದು ಭರಣಿಗೆ ಹಾಕಿಕೊಂಡ. ನಾಣ್ಯದಲ್ಲಿ ಎಷ್ಟು ಕಮ್ಮಿಯೋ ಅಷ್ಟು, ಹೆಚ್ಚಿಗೆ ತೆಗೆದಿಲ್ಲ ಎಂದ. ಅದು ನಿಜವೇ ಇದ್ದಿರಬೇಕು. ನಾಣ್ಯವನ್ನು ಚೀಲಕ್ಕೆ ಹಾಕಿದಾಗ ಒಳಗಿನ ಬೆಳ್ಳಿಗಳು ಒಮ್ಮೆ ಕದಲಿದವು. ಯಾವ ಸದ್ದು ಅಜ್ಜನದು ಎಂದು ಒಟ್ಟೀಲಿಯ ಕಿವಿಗೊಟ್ಟಳು, ಗೊತ್ತಾಗಲಿಲ್ಲ.

ಏರುದಾರಿಯುದ್ದಕ್ಕೂ ಅವಳನ್ನು ಕಾಡಿದ್ದು ಆ ಚಿಟಿಕೆ. ಮಗನ ಎದೆಗೆ ಬೇಕಾದದ್ದು ಆ ಚಿಟಿಕೆಯಲ್ಲೇ ಇದ್ದಿದ್ದರೆ? ಭಕ್ತಿಯಿಂದ ತಿಕ್ಕಿದ್ದು ಪಾಪವಾಯಿತೆ? ಹಾಗಾದರೆ ತಿಕ್ಕದೆ, ಮಸಿ ಮೆತ್ತಿಕೊಂಡ ಅಜ್ಜನಿಗೆ ಕೈಮುಗಿಯಬೇಕಿತ್ತೆ? ಸ್ತುತಿಯ ಸಾಲು ಹೇಳಿಕೊಳ್ಳಲು ನೋಡಿದಳು. ಮೊದಲ ಸಾಲಾದ ಮೇಲೆ ಎರಡನೆಯದು ಬರಲಿಲ್ಲ. ಬೆರಳು ಮಾತ್ರ ಗಾಳಿಯಲ್ಲಿ ಸುತ್ತುತ್ತಿತ್ತು.

ಮನೆಯಲ್ಲಿ ಡೋರ್ಟೆ ಕೋಸಿನ ಸಾರು ಬಿಸಿಮಾಡಿ ಇಟ್ಟಿದ್ದಳು. ಪೊಟ್ಟಣ ಬಿಚ್ಚಿ, ಸರಿಯಾಗಿ ಕೊಟ್ಟನೇ ಎಂದು ಕೇಳಿದಳು. ಒಟ್ಟೀಲಿಯ ಸಾರಿನ ಬಟ್ಟಲನ್ನೇ ನೋಡಿದಳು. ಒಳಗಿನಿಂದ ವೆಂಡೆಲನ ಉಸಿರು ಕಲ್ಲು ಎಳೆದಂತೆ ಕೇಳುತ್ತಿತ್ತು.

“ಡೋರ್ಟೆ, ಶನಿವಾರದ ಬೂದಿನೀರು ನಾನು ಎಲ್ಲಿಗೆ ಚೆಲ್ತಿದ್ದೆ?”

“ಇನ್ನೆಲ್ಲಿಗೆ? ಹಿತ್ತಲ ಕೋಸಿನ ಮಡಿಗೆ. ಯಾಕತ್ತೆ?”

ಒಟ್ಟೀಲಿಯ ಹಿಂಬಾಗಿಲು ತೆರೆದು ಹೋದಳು. ಹಿಮ ಕರಗಿ ಮಡಿ ಕಪ್ಪಾಗಿ ಕಾಣುತ್ತಿತ್ತು. ಕೊಯ್ದ ಕೋಸಿನ ಬುಡಗಳು ಸಾಲಾಗಿ ನಿಂತಿದ್ದವು. ಮಂಡಿಯೂರಿದಳು. ಮೇಲಿನ ಮಣ್ಣು ಸರಿಸಿ, ಒಳಗಿನದನ್ನು ಒಂದು ಚಿಟಿಕೆ ಎತ್ತಿ, ಅಂಗೈಯಲ್ಲಿಟ್ಟು ಹಗುರವಾಗಿ ತೂಗಿ ನೋಡಿದಳು. ಹೆಚ್ಚಾಯಿತೆನಿಸಿ ಎರಡು ಕಣ ಉದುರಿಸಿದಳು.

ಒಳಗೆ ಬಂದು ಅದನ್ನು ಪುಡಿಯ ಮೇಲೆ ಉದುರಿಸಿ, ಎರಡನ್ನೂ ಸಾರಿಗೆ ಹಾಕಿದಳು. ಡೋರ್ಟೆ ಒಮ್ಮೆ ಬಟ್ಟಲನ್ನು, ಒಮ್ಮೆ ಅತ್ತೆಯನ್ನು ನೋಡಿ, ಗಂಡನ ತಲೆಯನ್ನೆತ್ತಿ ಹಿಡಿದಳು. ಕೆಳಗೆ ಪೇಟೆಯಲ್ಲಿ ಮಧ್ಯಾಹ್ನದ ಗಂಟೆ ಹೊಡೆಯತೊಡಗಿತು. ಒಟ್ಟೀಲಿಯ ಮರದ ಚಮಚದಿಂದ ಬಟ್ಟಲಿನ ತಳ ಮುಟ್ಟಿಸಿ ಕಲಕುತ್ತಿದ್ದಳು, ಗಂಟೆಯ ಒಂದು ಹೊಡೆತಕ್ಕೆ ಒಂದು ಸುತ್ತು.