ಟೀಚರಿಗೆ ಹೇಳಿಕೊಟ್ಟ ಅಣು ವಿದ್ಯುತ್ತು

ನನ್ನ ಗಂಡ ಕೈಗಾದ ಅಣುಸ್ಥಾವರದಲ್ಲಿ ಕೆಲಸ ಮಾಡುತ್ತಾರೆ. ರಜೆಗೆ ನಮ್ಮೂರು ಗೋಗಿಗೆ ಬಂದಾಗಲೆಲ್ಲ ಅಲ್ಲಿ ಕರೆಂಟು ಹೇಗೆ ಹುಟ್ಟುತ್ತದೆ ಎಂದು ಕೇಳಿದ್ದೇನೆ. ‘ನಿನಗ ತಿಳಿಯಂಗಿಲ್ಲ ಬಿಡು’ ಎಂದು ಮೊಬೈಲು ಹಿಡಿಯುತ್ತಿದ್ದರು. ಮದುವೆಯಾದಾಗಿನಿಂದ ಇದೇ ಉತ್ತರ. ನಾನೂ ಪಿಯುಸಿ ಪಾಸಾದವಳು ಎಂಬುದು ಅವರಿಗೆ ನೆನಪಿದ್ದರೆ ತಾನೆ?

ಈ ಸಲ ನಮ್ಮ ಮುಂದಿನ ಕೋಣೆಯಲ್ಲಿ ಬಾಡಿಗೆಗಿರುವ ಹೈಸ್ಕೂಲ್ ಟೀಚರ್ ಯಶೋಧರಾ ಒಂದೇ ಒಂದು ಸಲ ಕೇಳಿದಳು. ‘ನಿಂಗರಾಜಣ್ಣಾ, ಹತ್ತನೇದವ್ರಿಗಿ ಈ ಪಾಠ ಅದ. ಸ್ವಲ್ಪ ಹೇಳ್ತೀರೇನ್ರಿ?’ ಅಷ್ಟೇ. ನಮ್ಮವರು ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ಪಡಸಾಲೆಯಲ್ಲಿ ಕುಳಿತರು.

ನಾನು ಹಸನು ಮಾಡಿಟ್ಟಿದ್ದ ಜೋಳವನ್ನು ಮೊರದ ತುಂಬ ಹರಡಿ, ಒಂದು ಕಾಳನ್ನು ಬೆರಳಿನಿಂದ ಚಿಮ್ಮಿದರು. ‘ನೋಡ್ರಿ ಟೀಚರ್, ನ್ಯೂಟ್ರಾನ್ ಹಿಂಗ ಬಡದ್ರ ಯುರೇನಿಯಂ ಅಣು ಒಡೀತದ. ಕಾವು ಬರ್ತದ. ಮತ್ತ ಎರಡು ಮೂರು ನ್ಯೂಟ್ರಾನ್ ಹಾರಿ ಬಾಜೂದವಕ್ಕ ಬಡೀತಾವ. ಅತೀ ಆಗಬಾರ್ದಂತ ಅವನ್ನ ನುಂಗೋ ಸರಳು ಇಳಸ್ತೀವಿ.’ ನನ್ನ ಜೋಳ ನೆಲದ ತುಂಬ ಚೆಲ್ಲಿತ್ತು.

‘ಆ ಕಾವಿಗಿ ಪೈಪಿನ್ಯಾಗಿನ ಭಾರಜಲ ಕಾಯ್ತದ. ಅದು ಹೊರಗಿನ ಸಾದಾ ನೀರು ಕುದಸ್ತದ. ಎರಡೂ ನೀರು ಕೂಡಂಗಿಲ್ಲ, ಕಾವಷ್ಟೇ ದಾಟ್ತದ. ಉಗಿ ಟರ್ಬೈನ್ ತಿರುಗಸ್ತದ, ಟರ್ಬೈನು ಜನರೇಟರ್ ತಿರುಗಸ್ತದ. ಅಲ್ಲಿಂದ ಕರೆಂಟು.’

ಇಷ್ಟೇನಾ? ಇಷ್ಟೆಲ್ಲ ಗುಟ್ಟು ಮಾಡಿ ಕೊನೆಗೆ ನೀರು ಕುದಿಸುವುದು. ದಿನಾ ಒಲೆಯ ಮುಂದೆ ಬೇಯುವ ನನಗೆ ಇದು ತಿಳಿಯುವುದಿಲ್ಲವಂತೆ. ಹೊಟ್ಟೆಕಿಚ್ಚಾಯಿತು, ಮುಚ್ಚಿಡುವುದೇನು? ಬೇರೇನೋ ಅನುಮಾನವಲ್ಲ; ಆ ಹುಡುಗಿ ಬಾಯಿತುಂಬ ಅಣ್ಣಾ ಎನ್ನುವವಳು. ಆದರೆ ನನ್ನ ಪಾಲಿನ ಮಾತನ್ನು ಅವಳಿಗೆ ಬಡಿಸಿಬಿಟ್ಟರಲ್ಲ. ಅವಳ ಚಹಾಕ್ಕೆ ಸಕ್ಕರೆ ಹಾಕಲಿಲ್ಲ. ಪುಣ್ಯಾತಗಿತ್ತಿ, ಚಕಾರವೆತ್ತದೆ ಕುಡಿದು ಕೋಣೆಗೆ ಹೋದಳು. ಅದಕ್ಕೂ ಮೈಯುರಿಯಿತು.

ನಮ್ಮವರು ಅಡುಗೆಮನೆಗೆ ಬಂದರು. ‘ಯಾಕ ಮಾರಿ ಉಬ್ಬಿಸಿಕೊಂಡಿ?’

‘ಆಕಿಗಿ ಹೇಳಿದ್ದು ನನಗ ಹೇಳ್ರಿ.’

‘ಒಳಗ ನಿಂತು ಎಲ್ಲಾ ಕೇಳೀದಿ. ಮತ್ತೇನು ಹೇಳಲಿ?’

‘ಕೇಳೀನಿ. ತಿಳೀತು ಸೈತ. ಆದ್ರೂ ನನ್ನ ಮುಂದ ಕುಂತು, ನನಗಂತ ಹೇಳ್ರಿ.’

ಅವರು ಮಣೆ ಎಳೆದುಕೊಂಡು ಕುಳಿತು, ಗಂಟಲು ಸರಿಮಾಡಿಕೊಂಡರು. ‘ಯುರೇನಿಯಂ ಅಂತ ಒಂದು ಧಾತು ಅದ...’

ಉಗಿ ಹುಟ್ಟುವವರೆಗೆ ಬಂದಿದ್ದರು. ಬಾಗಿಲಲ್ಲಿ ಯಶೋಧರಾ. ‘ಅಣ್ಣಾ, ಇನ್ನೊಂದು ಡೌಟ್ ಇತ್ರಿ.’

ನಮ್ಮವರು ಏಳಲು ಹೋದರು. ನಾನು ಮುಂಗೈ ಹಿಡಿದು ಕೂರಿಸಿದೆ.

‘ಆಮ್ಯಾಲ ಬರ್ರಿ ಟೀಚರ್,’ ಎಂದೆ. ‘ಈಗ ನಂದು ನಡದದ.’